ತೊಟ್ಟಿಲಿನ ಮೂರನೆಯ ತೂತು

ಬಂದರಿನ ಸಸ್ಯ ತಪಾಸಣಾ ಕಚೇರಿಯಲ್ಲಿ ಎಲ್ಲರೂ ಭೂತಗನ್ನಡಿ ಎಂದು ಕರೆಯುತ್ತಿದ್ದ ಅಧಿಕಾರಿಯ ಕಣ್ಣು ಎಂಥದೆಂದರೆ, ಹಡಗು ಇನ್ನೂ ಮೂರು ದಿನದ ದೂರದಲ್ಲಿರುವಾಗಲೇ ಅದರೊಳಗಿನ ಧಾನ್ಯದ ಹುಳುಗಳು ಮುಖ ಮುಚ್ಚಿಕೊಳ್ಳುತ್ತಿದ್ದವು. ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಒಂದು ಕೀಟ ಆತನ ಕಣ್ತಪ್ಪಿಸಿ ದೇಶದೊಳಗೆ ಕಾಲಿಟ್ಟಿರಲಿಲ್ಲ. ಹಾಗೆಂದು ಆತನೇ ಹೇಳುತ್ತಿದ್ದ, ಕೇಳಿಸಿಕೊಳ್ಳದವರಿಗೆ ಎರಡು ಸಲ ಹೇಳುತ್ತಿದ್ದ. ಹೊರದೇಶದಿಂದ ಬರುವ ಮರದ ಪೆಟ್ಟಿಗೆಗೆ, ಒಳಗಿನ ಹುಳು ಸಾಯುವಷ್ಟು ಕಾಯಿಸಿದ ಮರ ಇದು ಎಂಬ ಮುದ್ರೆ ಬಿದ್ದಿರಬೇಕು. ಒಂದು ಹಲಗೆಗೆ ಮುದ್ರೆಯಿಲ್ಲವೆಂದು ಆತ ಆನೆಗಾತ್ರದ ಯಂತ್ರವನ್ನೇ ಬಂದ ದಾರಿಯಲ್ಲಿ ವಾಪಸು ಅಟ್ಟಿದ್ದುಂಟು.

ಪಟ್ಟೆಬೆನ್ನಿನ ಮರಕೊರಕ ದುಂಬಿಯ ಬಗ್ಗೆ ಅಪಾಯದ ವರದಿ ಬರೆದವನೂ ಆತನೇ. ಆತನ ಮನೆಯಿದ್ದ ಬೀದಿಯ ಕೊನೆಯಲ್ಲೊಂದು ಗುಡ್ಡ. ಅದರ ಮೇಲೆ ಜಗತ್ತಿನ ಇನ್ಯಾವ ಮೂಲೆಯಲ್ಲೂ ಇಲ್ಲದ ಜಾತಿಯ ಮರಗಳು, ಒಟ್ಟು ಇಪ್ಪತ್ತೇಳು. ದುಂಬಿ ಬಂದರೆ ಎರಡೇ ವರ್ಷದಲ್ಲಿ ಅಷ್ಟೂ ಟೊಳ್ಳು. ಹರಡುವ ಸಾಧ್ಯತೆ ಅತಿ ಹೆಚ್ಚು ಎಂದು ಬರೆದ. ನಷ್ಟ, ತುಂಬಲಾರದ್ದು ಎಂದು ಬರೆದ. ಒಳಬರುವ ಸಾಧ್ಯತೆ ಎಂಬಲ್ಲಿ ಮಾತ್ರ 'ಇಲ್ಲವೇ ಇಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಮೇಲಧಿಕಾರಿ ಕಾರಣ ಕೇಳಿದರು.

"ಕಾರಣ ನಿಮ್ಮೆದುರಿಗೇ ಕೂತಿದೆಯಲ್ಲ ಮೇಡಂ" ಎಂದ.

ಅಷ್ಟರಲ್ಲಿ ಕಚೇರಿಗೆ ಹೊರದೇಶದಿಂದ ಹೊಸ ಸೂಕ್ಷ್ಮದರ್ಶಕ ಬಂತು. ಸೊಳ್ಳೆಯ ಮೀಸೆಯನ್ನೂ ಹಗ್ಗದಷ್ಟು ದಪ್ಪ ತೋರಿಸುವ ಯಂತ್ರ. ಹೊಸ ಸೊಸೆಯನ್ನು ನೋಡುವಂತೆ ಕಚೇರಿಗೆ ಕಚೇರಿಯೇ ಅದನ್ನು ಮುತ್ತಿಕೊಂಡಿತು. ಅದು ಬಂದ ಮರದ ಪೆಟ್ಟಿಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನೋಡಿದವನು ಭೂತಗನ್ನಡಿಯೊಬ್ಬನೇ, ಅದೂ ಬಡಗಿಯ ಕಣ್ಣಿನಿಂದ. ಹಲಗೆಗಳು ಎಷ್ಟು ಚೆನ್ನಾಗಿದ್ದವೆಂದರೆ, ಕೇಳಿ ಮನೆಗೆ ಹೊತ್ತೊಯ್ದು, ಉಜ್ಜಿ, ಮೊದಲ ಮೊಮ್ಮಗಳಿಗೆ ತೂಗುತೊಟ್ಟಿಲು ಮಾಡಿದ. ಅಂಥ ತೊಟ್ಟಿಲಲ್ಲಿ ಯಾವ ಚಕ್ರವರ್ತಿಯೂ ಮಲಗಿರಲಿಲ್ಲವೆಂದು ಬೀದಿಗೆಲ್ಲ ತಿಳಿಯಿತು. ತಿಳಿಸಿದವನು ಆತನೇ.

ಹೆಂಡತಿ ಅದರ ಸುತ್ತ ಸೊಳ್ಳೆಪರದೆ ಕಟ್ಟಿ, ಅಡಿಯಲ್ಲೂ ಒಟ್ಟುಮಾಡಿ ಗಂಟು ಹಾಕಿದಳು. ತನ್ನ ಮನೆಗೆ ಬರಲು ಸೊಳ್ಳೆಗಳೂ ಅರ್ಜಿ ಹಾಕಬೇಕು, ಇದೆಲ್ಲ ದಂಡ ಎಂದು ಆತ ನಕ್ಕ. ಅವಳು ಅದರ ಮೇಲೆ ಇನ್ನೊಂದು ಗಂಟು ಬಿಗಿದಳು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ, ಮಗುವನ್ನೆತ್ತಿಕೊಂಡ ಹೆಂಡತಿ ಕರೆದಳು. "ರೀ, ನಿಮ್ಮ ತೊಟ್ಟಿಲು ಹಿಟ್ಟು ಬೀಸ್ತಾ ಇದೆ, ಬಂದು ನೋಡಿ."

ಪರದೆಯ ತಳದಲ್ಲಿ ನುಣುಪಾದ ಮರದ ಪುಡಿ. ಹಲಗೆಯಲ್ಲಿ ಒಳಗಿನಿಂದ ಹೊರಕ್ಕೆ ಕೊರೆದ ದುಂಡನೆಯ ತೂತುಗಳು, ಸಾಸಿವೆಕಾಳಿನಷ್ಟು. ಪರದೆಗೆ ಅಂಟಿಕೊಂಡಂತೆ ಕೂತಿದ್ದ ಪಟ್ಟೆಬೆನ್ನಿನ ದುಂಬಿಗಳು, ವರದಿಯಲ್ಲಿ ಆತನೇ ಬರೆದ ಚಿತ್ರ ಎದ್ದುಬಂದಂತೆ. ತೊಟ್ಟಿಲನ್ನು ಓರೆಮಾಡಿ, ಉಜ್ಜದೆ ಬಿಟ್ಟಿದ್ದ ಹಲಗೆಯ ಅಡಿಬದಿ ನೋಡಿದ. ಮುದ್ರೆ ಇರಲಿಲ್ಲ.

ತೂತುಗಳನ್ನು ಎಣಿಸಿದ, ಮೂರು. ದುಂಬಿಗಳನ್ನು ಎಣಿಸಿದ, ಎರಡು. ನಿಜವಾದ ಭೂತಗನ್ನಡಿ ಹಿಡಿದು ಮತ್ತೆ ಎಣಿಸಿದ. ಎರಡೇ.

ಕಿಟಕಿ ತೆರೆದಿತ್ತು. ಗುಡ್ಡದ ಇಪ್ಪತ್ತೇಳು ಮರಗಳು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ತೊಟ್ಟಿಲನ್ನು ಹಿತ್ತಲಲ್ಲಿ ಸುಟ್ಟುಬಿಟ್ಟರೆ ಯಾರಿಗೂ ಗೊತ್ತಾಗದು, ಇಪ್ಪತ್ತಾರು ವರ್ಷದ ಹೆಸರು ಇದ್ದಲ್ಲೇ ಇರುತ್ತದೆ. ಆದರೆ ಮಗುವನ್ನೆತ್ತಲು ಪರದೆ ಸರಿಸಿದಾಗ ಆ ಮೂರನೆಯದು ಹೊರಗೆ ಹಾರಿದ್ದರೆ? ಆತ ಕಿಟಕಿ ಮುಚ್ಚಿ ಸುಮ್ಮನೆ ನಿಂತ. ಹುಟ್ಟಿದಂದಿನಿಂದ ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದು ಅದೇ ಮೊದಲು. ಹೆಂಡತಿ ಗಾಬರಿಯಾಗಿ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು. ಆತ ಎಲ್ಲ ಹೇಳಿದ.

"ನನಗೆ ಹೇಳಾಯ್ತಲ್ಲ. ಹೇಳಬೇಕಾದವರಿಗೂ ಹೇಳ್ಬಿಡಿ" ಎಂದಳು.

ಫೋನ್ ಮಾಡಿದ. "ಮೇಡಂ, ಪಟ್ಟೆಬೆನ್ನು ಒಳಗೆ ಬಂದಿದೆ. ತಂದವನು ನಾನೇ."

ಪೆಟ್ಟಿಗೆ, ತೊಟ್ಟಿಲು, ಪರದೆ ಎಲ್ಲವನ್ನೂ ಹೇಳಿದ. ಆ ಕಡೆಯಿಂದ, "ಪರದೆ ಬಿಚ್ಚಬೇಡಿ. ಬಂದೆ."

ತೊಟ್ಟಿಲು ಪರದೆಸಮೇತ ಎರಡು ಪದರದ ಪ್ಲಾಸ್ಟಿಕ್ ಚೀಲದೊಳಗೆ ಕಚೇರಿಗೆ ಹೋಯಿತು. ಮುಚ್ಚಿದ ಕೋಣೆಯಲ್ಲಿ, ಅದೇ ಹೊಸ ಯಂತ್ರದ ಕೆಳಗೆ, ಮೇಲಧಿಕಾರಿ ಪರದೆಯನ್ನು ಮಡಿಕೆ ಮಡಿಕೆಯಾಗಿ ಬಿಡಿಸುತ್ತ ಹೋದರು. ಭೂತಗನ್ನಡಿ ಪಕ್ಕದಲ್ಲಿ ನಿಂತು ಮಡಿಕೆಗಳನ್ನು ಎಣಿಸುತ್ತಿದ್ದ. ಒಂದು ಯುಗ ಕಳೆಯಿತು. ಗಡಿಯಾರದ ಪ್ರಕಾರ ನಲವತ್ತು ನಿಮಿಷ. ಕೊನೆಗೆ ತಳದಲ್ಲಿ, ಹೆಂಡತಿ ಎರಡನೆಯ ಸಲ ಬಿಗಿದ ಗಂಟಿನೊಳಗೆ, ದಾರಕ್ಕೆ ಕಾಲು ತೊಡರಿಸಿಕೊಂಡು ಮೂರನೆಯದು ಮೀಸೆ ಅಲ್ಲಾಡಿಸುತ್ತಿತ್ತು.

ತೊಟ್ಟಿಲನ್ನು ಕಚೇರಿಯ ಕುಲುಮೆಗೆ ಹಾಕಿದರು. ಗುಡ್ಡದ ಪ್ರತಿ ಮರಕ್ಕೂ ದುಂಬಿ ಹಿಡಿಯುವ ಬಲೆಡಬ್ಬಿ ತೂಗಿಬಿದ್ದಿತು. ಎರಡು ವರ್ಷ ವಾರಕ್ಕೊಮ್ಮೆ ಹತ್ತಿ ನೋಡುವ ಕೆಲಸವನ್ನು ಆತನೇ ಕೇಳಿ ಪಡೆದ. ಡಬ್ಬಿಗಳು ಈವರೆಗೆ ಖಾಲಿ. ವರದಿಯ ಆ ಎರಡು ಗೆರೆಯ ಮಾತನ್ನು ಹೊಡೆದುಹಾಕಿ 'ಇದೆ' ಎಂದು ತನ್ನ ಕೈಯಾರೆ ಬರೆದ. ತಡೆದದ್ದು ಯಾವುದು ಎಂಬಲ್ಲಿ ಹೆಂಡತಿಯ ಹೆಸರು ಹಾಕಿದ.

ಈಗ ಮೊಮ್ಮಗಳು ಕಬ್ಬಿಣದ ತೊಟ್ಟಿಲಲ್ಲಿ ಮಲಗುತ್ತಾಳೆ. ಅಜ್ಜಿ ಪರದೆ ಕಟ್ಟುವಾಗ ಅಜ್ಜ ಇನ್ನೊಂದು ತುದಿ ಹಿಡಿದುಕೊಂಡು, ಬಂದುಹೋಗುವವರಿಗೆಲ್ಲ ಮೂರನೆಯ ದುಂಬಿಯ ಕತೆ ಹೇಳುತ್ತಾನೆ. ಮೊನ್ನೆಯ ಕತೆಯಲ್ಲಿ ದುಂಬಿ ಬೆಕ್ಕಿನಷ್ಟಾಗಿತ್ತು.

"ಗಂಟು ನೋಡ್ಕೊಂಡು ಹಾಕ್ರಿ" ಎನ್ನುತ್ತಾಳೆ ಅವಳು.