ಸಾವಿಲ್ಲದ ಆಸ್ಪತ್ರೆ

ನಮ್ಮ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬ ಬಸುರಿಯೂ, ಒಬ್ಬ ಬಾಣಂತಿಯೂ ಸತ್ತಿರಲಿಲ್ಲ. ರಿಜಿಸ್ಟರ್ ಹಾಗೆ ಹೇಳುತ್ತಿತ್ತು. ಬರೆದವಳು ನಾನು, ಇಲ್ಲಿಯ ನರ್ಸು. ಎರಡು ಮಂಚ, ತುಕ್ಕು ಹಿಡಿದ ಒಂದು ತೂಕದ ಯಂತ್ರ, ವಾರಕ್ಕೆರಡು ದಿನ ಮುಖ ತೋರಿಸುವ ಡಾಕ್ಟರು. ಇಷ್ಟರಲ್ಲಿ ಸಾವೇ ಇಲ್ಲವೆಂದರೆ ದೇವರೂ ನಂಬಲಿಕ್ಕಿಲ್ಲ. ಮೇಲಿನವರು ನಂಬಿದರು.

ಗುಟ್ಟೇನೂ ದೊಡ್ಡದಲ್ಲ. ಹೆರಿಗೆ ಕಷ್ಟವಾದರೆ ಸಿಕ್ಕಿದ ಗಾಡಿ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸುವುದು, 'ಸ್ಥಿತಿ ಉತ್ತಮ, ಮುಂದಕ್ಕೆ ಕಳಿಸಿದೆ' ಎಂದು ಬರೆಯುವುದು. ಎರಡು ಗಂಟೆಯ ದಾರಿ. ದಾರಿಯಲ್ಲಿ ಜೀವ ಹೋದರೆ ಅವರು ತಮ್ಮದಲ್ಲ ಅನ್ನುತ್ತಾರೆ, ನಾವು ನಮ್ಮದಲ್ಲ ಅನ್ನುತ್ತೇವೆ. ಸಾವು ಅಂತ ಬರೆದರೆ ನೋಟಿಸು, ವಿಚಾರಣೆ. ಆ ಉಸಾಬರಿ ಯಾರಿಗೆ ಬೇಕಿತ್ತು? "ಬರೆದು ಕೈ ತೊಳ್ಕೊಳಮ್ಮ" ಎನ್ನುತ್ತಿದ್ದರು ಡಾಕ್ಟರು. ತೊಳೆದುಕೊಂಡೆ.

ಈ ವರ್ಷ ಹಳ್ಳಿ ಆಸ್ಪತ್ರೆಗಳಿಗೆ ಸರ್ಕಾರದ ಅನುದಾನ ಬಂತು. ಆಂಬುಲೆನ್ಸ್, ಅದರಲ್ಲಿ ಆಕ್ಸಿಜನ್, ಜೊತೆಗೊಬ್ಬ ತರಬೇತಾದ ಆಳು. ನನ್ನ ತಂಗಿಗೆ ಆಗ ಎಂಟು ತಿಂಗಳು. ಕಾಲು ಊದಿತ್ತು, ಬಿಪಿ ಏರಿತ್ತು. ನಾಚಿಕೆ ಬಿಟ್ಟು ಅನುದಾನದ ಅಧಿಕಾರಿಯ ಮೇಜಿನ ಮುಂದೆ ನಿಂತೆ.

"ನಿಮ್ಮಲ್ಲಿ ಸಾವೇ ಇಲ್ವಲ್ಲಮ್ಮ" ಎಂದರು ಫೈಲು ತಿರುವುತ್ತ. "ಸಾವು ಇರೋ ಕಡೆ ಗಾಡಿ ಮೊದಲು. ನಿಮಗೆ ಪ್ರಶಸ್ತಿಪತ್ರ ಬಂದಿದೆ, ತಗೊಂಡು ಹೋಗಿ."

"ಸಾರ್, ಅದರಲ್ಲಿರೋದು ಎಲ್ಲಾ ನಿಜ ಅಲ್ಲ."

"ಹಾಗಂದ್ರೆ? ಸುಳ್ಳು ಬರೆದೋರು ಯಾರು?"

ಈ ಕೆಲಸ ಹೋದರೆ ಮನೆಯ ಒಲೆ ಉರಿಯುವುದಿಲ್ಲ. "ಏನಿಲ್ಲ ಸಾರ್" ಎಂದೆ. ಪ್ರಶಸ್ತಿಪತ್ರ ಹಿಡಿದು ಬಂದೆ. ಅದಕ್ಕೆ ಗಾಜು ಬೇರೆ ಹಾಕಿಸಿದ್ದರು.

ದೊಡ್ಡಾಸ್ಪತ್ರೆ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಇರು ಎಂದು ತಂಗಿಗೆ ಹೇಳಿದೆ. ಅವಳು ಆ ಪತ್ರ ಓದಿ ನಕ್ಕಳು. "ಇಲ್ಲಿ ಯಾರೂ ಸಾಯಲ್ಲ ಅಂತ ಸರ್ಕಾರನೇ ಬರ್ಕೊಟ್ಟಿದೆಯಲ್ಲಕ್ಕಾ. ಸುಮ್ನೆ ಹೆದರಿಸ್ಬೇಡ, ನೀನಿದೀಯಲ್ಲ."

ಅದಾದ ಮೂರನೆಯ ವಾರ, ಮಧ್ಯಾಹ್ನ, ಅವಳಿಗೆ ಫಿಟ್ಸ್ ಬಂತು. ಹಾಲಿನ ವ್ಯಾನಿನಲ್ಲಿ ಕ್ಯಾನುಗಳನ್ನು ಸರಿಸಿ ಮಲಗಿಸಿದೆವು. ಅವಳ ಗಂಡ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ನಾನು ಕೈ ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಆ ಕೈ ಸಡಿಲವಾಯಿತು. ಮಗು ಒಳಗೇ ಉಳಿಯಿತು.

"ಅತ್ತಿಗೆ, ಮೈ ಇನ್ನೂ ಬೆಚ್ಚಗಿದೆ, ಬೇಗ ಓಡಿಸೋಕೆ ಹೇಳಿ" ಎನ್ನುತ್ತಿದ್ದ ಅವನು. ಅವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮಣ್ಣು ಮಾಡಿದ ಮೂರು ದಿನಕ್ಕೆ ಆಸ್ಪತ್ರೆಗೆ ಹೋಗಿ, ಮೊಟ್ಟಮೊದಲ ಸಲ, 'ಸತ್ತಳು' ಎಂದು ಬರೆದೆ. ಕೆಲಸ ಹೋದರೆ ಹೋಗಲಿ, ಮುಂದಿನವಳಿಗಾದರೂ ಗಾಡಿ ಸಿಗಲಿ ಎಂಬ ಹಟ.

ಡಾಕ್ಟರು ಕನ್ನಡಕ ಏರಿಸಿ ಓದಿದರು. ಬೈಯಲಿಲ್ಲ. ಡ್ರಾಯರಿನಿಂದ ಸುತ್ತೋಲೆ ತೆಗೆದು ಮೆಲ್ಲಗೆ ಹೇಳಿದರು: "ಒಂದು ಸಾವಿಗೆ ಗಾಡಿ ಕೊಡಲ್ಲಮ್ಮ. ವರ್ಷಕ್ಕೆ ಮೂರಾದ್ರೂ ಇರ್ಬೇಕಂತೆ. ಇನ್ನೂ ಎರಡು ಬೇಕು."

ರಿಜಿಸ್ಟರನ್ನು ಅವರ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ನನ್ನ ಹಾಳು ಮನಸ್ಸು ಆಗಲೇ ಊರಲ್ಲಿ ಉಳಿದ ಬಸುರಿಯರನ್ನು ಎಣಿಸುತ್ತಿತ್ತು.