ಇನ್ನೂ ನಗು ಬರಬೇಕು

ತನಗೆ ಜನರನ್ನು ನಗಿಸಲು ಬರುವುದಿಲ್ಲ ಎಂಬುದೇ ಜಾಹ್ನವಿಯ ಚಿಂತೆಯಾಗಿತ್ತು. ಕುಕ್ಕರ್ ಕೂಗುವುದರೊಳಗೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಡೈರಿ ತೆರೆದು ಅದನ್ನು ಬರೆದೂಬಿಟ್ಟಳು: "ನಾನು ಬಾಯಿ ತೆರೆದರೆ ಎಲ್ಲರೂ ಫೋನ್ ನೋಡುತ್ತಾರೆ."

ಮೈಸೂರಿನಲ್ಲಿ ಎಂ.ಎ. ಮುಗಿಸಿ, ಯತಿರಾಜ್‌ನ ಕೈಹಿಡಿದು ದೋಹಾಕ್ಕೆ ಬಂದವಳು ಅವಳು. ಇಲ್ಲಿನ ಕನ್ನಡ ಹೆಂಗಸರ ಕೂಟ ತಿಂಗಳಿಗೊಮ್ಮೆ ಮುಐದರ್ ಬಡಾವಣೆಯ ಇಂದಿರಮ್ಮನವರ ವಿಲ್ಲಾದಲ್ಲಿ ಸೇರುತ್ತಿತ್ತು. ಹೋದ ಸಲ ಅವಳು ತಾನೇ ಬರೆದ ಪ್ರಬಂಧವೊಂದನ್ನು ಓದಿದಾಗ, ನಡುವೆಯೇ ಯಾರೋ ಚಟ್ನಿಗೆ ಹುರಿಗಡಲೆ ಹಾಕಿದ್ದೀರಾ ಎಂದು ವಿಚಾರಿಸಿದ್ದರು. ಓದು ಮುಗಿದ ಮೇಲೆ ಇಂದಿರಮ್ಮ, "ಚೆನ್ನಾಗಿತ್ತು ಕಣಮ್ಮ. ಮುಂದಿನ ಸಲ ಸ್ವಲ್ಪ ನಗು ಬರೋ ಹಾಗೆ ಬರಿ. ಎಂ.ಎ. ಮಾಡಿರೋದು ನಮ್ಮನ್ನ ಮಲಗಿಸೋಕಲ್ವಲ್ಲ!" ಎಂದರು. ಆ ಸಂಜೆ ಜನ ನಕ್ಕದ್ದು ಆ ಮಾತಿಗೆ ಮಾತ್ರ.

ಯತಿರಾಜ್ ಇದನ್ನು ಕೇಳಿ ಅವಳ ಫೋನಿಗೆ ಎಐ ಹಾಕಿಕೊಟ್ಟ. "ಮುಶೈರಿಬ್‌ನಲ್ಲಿ ನಮ್ಮ ಆಫೀಸ್ ಪೂರ್ತಿ ಇದ್ರ ಮೇಲೇ ನಡೀತಿದೆ, ಜಾನು. ಟೆಂಡರ್ ಲೆಟರಿಂದ ಬಾಸ್ ಮಗಳ ಬರ್ತ್‌ಡೇ ವಿಶ್‌ವರೆಗೂ. ನೀನು ವಿಷಯ ಕೊಡು ಸಾಕು. ಖಲಾಸ್!"

ಅವಳು ದೋಹಾದ ಸೆಕೆಯ ಬಗ್ಗೆ ಬರೆಸಿದಳು, ಗಂಡಂದಿರ ಹೊಟ್ಟೆಯ ಬಗ್ಗೆ ಬರೆಸಿದಳು. ಎಲ್ಲವೂ ಉಪ್ಪಿಲ್ಲದ ಸಾರಿನಂತಿತ್ತು. "ನಿಮಗೆ ಪರಿಚಯವಿರುವ ಒಬ್ಬ ವ್ಯಕ್ತಿಯ ವಿಶೇಷ ಅಭ್ಯಾಸಗಳನ್ನು ತಿಳಿಸಿದರೆ ಬರಹಕ್ಕೆ ಜೀವ ಬರುತ್ತದೆ" ಎಂದಿತು ಯಂತ್ರ.

ಅವಳಿಗೆ ಈ ಊರಿನಲ್ಲಿ ಚೆನ್ನಾಗಿ ಪರಿಚಯವಿದ್ದವಳು ಒಬ್ಬಳೇ, ಗುರವ್ವ. ಅಲ್ ಮನ್ಸೂರಾದಲ್ಲಿ ಇವರದೇ ಕಟ್ಟಡದಲ್ಲಿ, ಎರಡು ಮಹಡಿ ಕೆಳಗೆ ಇದ್ದಳು. ಹುನಗುಂದದ ಕಡೆಯವಳು. ಗಂಡ ಶಿವಪುತ್ರ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಿದ್ದ. ವಾರವೆಲ್ಲ ಕ್ಯಾಂಪಿನಲ್ಲಿದ್ದು ರಜೆಗೆ ಮಾತ್ರ ಮನೆಗೆ ಬರುವವನು. ಗುರವ್ವ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಮೇಲೆ ಹತ್ತಿ ಬರುತ್ತಿದ್ದಳು. "ಬರದು ಬರದು ಬೆರಳು ಸವದಾವು ನೋಡ ತಂಗಿ. ಒಂದು ರೊಟ್ಟಿ ತಿನ್ನು, ಆಮ್ಯಾಲ ಬೇಕಾದ್ರ ನನ್ನ ಬಗ್ಗೆನೂ ಬರಿ" ಎಂದು ಕಾಲು ಚಾಚಿ ಕೂರುತ್ತಿದ್ದಳು.

ಒಂದು ದಿನ ಅವಳು, ಯಾರಿಗೂ ಹೇಳದ್ದನ್ನು ಹೇಳಿದ್ದಳು. ಇಲ್ಲಿಗೆ ಬಂದ ಮೊದಲ ವರ್ಷ ಅವಳಿಗೊಂದು ಮಗುವಾಗಿತ್ತು. ಹುಟ್ಟುವಾಗಲೇ ಉಸಿರಿರಲಿಲ್ಲ. "ನರ್ಸಮ್ಮ ತೊಳದು, ಬಿಳಿ ಅರಿವಿ ಸುತ್ತಿ ಒಂದು ಗಳಿಗಿ ಕೈಯಾಗ ಕೊಟ್ಟಿದ್ಲು. ಸೋಪಿನ ವಾಸನಿ ಘಮ್ ಅಂತಿತ್ತು. ಊರ ಹೊರಗ ಮಣ್ಣ ಮಾಡಿ ಬಂದ್ರು. ಅಲ್ಲಿಗೆ ಹೋಗಾಕ ನನಗೆಲ್ಲಿ ಗಾಡಿ ಐತಿ? ಅದಕ್ಕ ದಿನಾ ಸೂಪರ್ ಮಾರ್ಕೆಟಿಗೆ ಹೋಗಿ ಆ ಸೋಪು ಮೂಸಿ ಬರ್ತೀನಿ. ಮನಿಯಾಗ ತಂದಿಟ್ರ ನಮ್ಮನಿಯವರಿಗೆ ಗೊತ್ತಾಗತೈತಿ, ಸಂಕಟ ಪಡ್ತಾರ. ಈ ಊರು ಬಿಟ್ಟು ನಾ ಎಲ್ಲೂ ಹೋಗಾಂಗಿಲ್ಲ ನೋಡವಾ. ಕೂಸು ಇಲ್ಲೈತಿ."

ಜಾಹ್ನವಿ ಅಂದು ಅವಳ ಜೊತೆ ಅತ್ತಿದ್ದಳು.

ಈಗ ಅವಳು ಟೈಪ್ ಮಾಡಿದಳು: "ಉತ್ತರ ಕರ್ನಾಟಕದ ಹೆಂಗಸು. ದಿನಾ ಸೂಪರ್ ಮಾರ್ಕೆಟಿಗೆ ಹೋಗಿ ಮಕ್ಕಳ ಸೋಪು ಮೂಸುತ್ತಾಳೆ, ಕೊಳ್ಳದೆ ಬರುತ್ತಾಳೆ. ಹಾಸ್ಯ ಲೇಖನ ಬೇಕು."

ಬಂದ ಬರಹ ಮೆತ್ತಗಿತ್ತು. ಕಪಾಟುಗಳ ನಡುವೆ ಒಂಟಿಯಾಗಿ ನಿಂತ ಹೆಂಗಸೊಬ್ಬಳು ಅದರಲ್ಲಿದ್ದಳು. ಕೆಳಗೆ ಒಂದು ಪ್ರಶ್ನೆಯೂ ಇತ್ತು: "ಅವಳು ಹೀಗೇಕೆ ಮಾಡುತ್ತಾಳೆ? ಕಾರಣ ತಿಳಿಸುವಿರಾ?"

ಜಾಹ್ನವಿ ಅದನ್ನು ಎರಡು ಸಲ ಓದಿದಳು. ಇಂದಿರಮ್ಮನ ಹಾಲ್, ಫೋನುಗಳತ್ತ ಬಾಗಿದ ತಲೆಗಳು ಕಣ್ಣ ಮುಂದೆ ಬಂದವು. "ಕಾರಣ ಬೇಡ," ಎಂದು ಬರೆದಳು. "ಇನ್ನೂ ನಗು ಬರಬೇಕು."

ಯಂತ್ರ ಹೇಳಿದಂತೆ ಕೇಳಿತು.

ಕೂಟದ ದಿನ ಗುರವ್ವ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. "ಇವತ್ತು ನಮ್ಮ ತಂಗಿ ಓದಾಕತ್ತಾಳ್ರಿ" ಎಂದು ಪಕ್ಕದವರಿಗೆಲ್ಲ ಸಾರುತ್ತಿದ್ದಳು. ಜಾಹ್ನವಿ ತಲೆಯೆತ್ತದೆ ಓದಿದಳು. ಲೇಖನದ ನಾಯಕಿಯ ಹೆಸರು ಸೋಪವ್ವ. "ಸೋಪವ್ವ ಮೂಗಿನಿಂದಲೇ ಜಳಕ ಮಾಡುವಾಕಿ, ನೀರಿನ ಬಿಲ್ಲು ಉಳಿಸುವಾಕಿ." ಮೊದಲ ಬಾರಿಗೆ ಫೋನುಗಳು ಕೆಳಗಿಳಿದವು. "ಸೆಕ್ಯುರಿಟಿಯವನು ಕೇಳಿದ, ಮೇಡಂ, ವಾಸನೆಗೆ ಬೇರೆ ಬಿಲ್ ಹಾಕಲೇ?" ಸೀಮಾ ಎಂಬವಳು ನಗುತ್ತಲೇ ವಿಡಿಯೋ ಮಾಡತೊಡಗಿದಳು. ಆ ನಗು ಜಾಹ್ನವಿಯ ಮೈಗೆ ಬಿಸಿ ನೀರಿನಂತೆ ಹಿತವಾಗಿತ್ತು. ಅವಳ ದನಿ ಏರಿತು. ಕೊನೆಯ ಸಾಲನ್ನು ಅಭಿನಯಿಸಿಯೇ ತೋರಿಸಿದಳು, ಗಾಳಿಯಲ್ಲಿ ಸೋಪು ಹಿಡಿದು, ಮೂಗರಳಿಸಿ.

"ಅಯ್ಯೋ, ನಾನೂ ನೋಡಿದೀನಿ! ಗುರವ್ವಾ, ಇದು ನೀನೇ ಅಲ್ವೇನೇ?" ಎಂದು ಇಂದಿರಮ್ಮ ಕೂಗಿದರು.

"ಹೌದ್ರಿ, ನಾನ," ಎಂದಳು ಗುರವ್ವ. ಅವಳೂ ನಕ್ಕಳು. ಉಳಿದವರ ನಗು ನಿಂತ ಮೇಲೂ ಅವಳ ನಗು ನಿಲ್ಲಲಿಲ್ಲ. ಆಮೇಲೆ ಎದ್ದು, ಯಾರೂ ಹೇಳದಿದ್ದರೂ, ಎಲ್ಲರ ತಟ್ಟೆಗಳನ್ನು ತೊಳೆದಿಟ್ಟು, ಊಟ ಮಾಡದೆ ಹೋದಳು.

ವಿಡಿಯೋ ಹೆಂಗಸರ ಗುಂಪಿನಿಂದ ಗಂಡಸರ ಗುಂಪಿಗೆ, ಅಲ್ಲಿಂದ ಶಿವಪುತ್ರನ ಕ್ಯಾಂಪಿಗೂ ಹೋಯಿತು. ಕಟ್ಟಡದ ಮಕ್ಕಳು ಲಿಫ್ಟಿನಲ್ಲಿ ಗುರವ್ವನನ್ನು ಕಂಡರೆ ಸೋಪು ಮೂಸುವಂತೆ ಮೂಗೆಳೆಯತೊಡಗಿದರು. ಜಾಹ್ನವಿಗೆ ಮಾತ್ರ ಮೆಚ್ಚುಗೆಯ ಮೆಸೇಜುಗಳು ಬರುತ್ತಲೇ ಇದ್ದವು. ಮಧ್ಯಾಹ್ನದ ರೊಟ್ಟಿ ಬರುವುದು ನಿಂತಿತ್ತು.

ಕೊನೆಗೆ ಅವಳೇ ಕೆಳಗಿಳಿದು ಹೋಗಿ ಬಾಗಿಲು ಬಡಿದಳು.

"ಬರ್ರಿ," ಎಂದಳು ಗುರವ್ವ. "ಕುಂದರ್ರಿ."

ಆ ಬಹುವಚನಕ್ಕೆ ಜಾಹ್ನವಿಯ ಮುಖ ಸಣ್ಣಗಾಯಿತು. ನಡುಮನೆಯಲ್ಲಿ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. "ಅಕ್ಕಾ, ಅದು ನಾನು ಬರೆದಿದ್ದಲ್ಲ. ಎಐ ಅಂತ ಇದೆ, ಯಂತ್ರ. ಅದೇ ಬರೀತು."

"ಹೌದ್ರೀ?" ಗುರವ್ವ ಸೀರೆ ಮಡಚುತ್ತಲೇ ಕೇಳಿದಳು. "ಆ ಯಂತ್ರ ಯಾವತ್ತು ನನ್ನ ಕೂಡ ಕುಂತು ಅತ್ತಿತ್ರಿ?"

ಜಾಹ್ನವಿ ಸೂಟ್‌ಕೇಸಿನತ್ತ ನೋಡಿದಳು.

"ಕ್ಯಾಂಪಿನ್ಯಾಗ ಅವರನ್ನ 'ಸೋಪವ್ವನ ಗಂಡ' ಅಂತಾರಂತ. ಮನಿಗೆ ಬಂದು, ದಿನಾ ಯಾಕ ಹೋಗ್ತಿದ್ದಿ ಅಂತ ಕೇಳಿದ್ರು. ಹೇಳಿದೆ. ಇಬ್ರೂ ಅತ್ವಿ. ಇಲ್ಲಿದ್ರ ನಿನ್ನ ತಲಿ ಕೆಡತೈತಿ, ಊರಾಗ ಇರು ಅಂದ್ರು. ವೀಸಾ ಕ್ಯಾನ್ಸಲ್ ಮಾಡಿಸ್ಯಾರ." ಮಡಚಿದ ಸೀರೆಯನ್ನು ಅವಳು ಬಿಡಿಸಿ ಮತ್ತೆ ಮಡಚಿದಳು. "ಕೂಸಿನ್ನ ಇಲ್ಲೆ ಒಂಟಿ ಬಿಟ್ಟು ಹೊಂಟೀನ್ರಿ. ನೀವಿನ್ನ ನಡೀರಿ, ಬಾಳ ಕೆಲಸ ಐತಿ."

ಊರು ಬಿಡುವವರಿಗೆ ಶಾಲು ಹೊದಿಸಿ ಕಳಿಸುವುದು ಕೂಟದ ಪದ್ಧತಿ. ಇಂದಿರಮ್ಮ ಅದನ್ನು ತಪ್ಪಿಸುವವರಲ್ಲ. ಸೋಪವ್ವನನ್ನು ಬರೆದದ್ದು ಎಐ ಎಂದು ಜಾಹ್ನವಿ ಈ ನಡುವೆ ಅವರಿಗೂ ಹೇಳಿದ್ದಳು. "ಜಾಹ್ನವಿ, ಬೀಳ್ಕೊಡುಗೆ ಮಾತು ನಿಂದೇ. ನಿನ್ನ ಎಐ ಕೈಲಿ ಚೆನ್ನಾಗಿ ಬರೆಸು, ಎಲ್ಲರ ಕಣ್ಣಲ್ಲೂ ನೀರು ಬರಬೇಕು" ಎಂದು ಫೋನ್ ಮಾಡಿದರು. ಜಾಹ್ನವಿ ಬರೆಸಿದಳು. ಯಂತ್ರ ಈ ಸಲ ಒಮ್ಮೆಗೇ ಸೊಗಸಾಗಿ ಬರೆದುಕೊಟ್ಟಿತು.

ಬೀಳ್ಕೊಡುಗೆಗೆ ಬರದಿದ್ದರೆ ಮತ್ತೊಂದು ಮಾತು ಹುಟ್ಟುತ್ತದೆಂದು ಶಿವಪುತ್ರ ಹೆಂಡತಿಯನ್ನು ಕರೆತಂದು ಬಿಟ್ಟು, ಹೊರಗೆ ಟ್ಯಾಕ್ಸಿಯಲ್ಲೇ ಕುಳಿತ. ಗುರವ್ವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಸೀಮಾ ಉಡುಗೊರೆಯ ಪೊಟ್ಟಣವನ್ನು ಅವಳ ಮಡಿಲಿಗಿಟ್ಟು, "ಮೂಸಿ ನೋಡಬೇಡಿ ಮತ್ತೆ, ಸೋಪಲ್ಲ!" ಎಂದಳು. ಒಂದಿಬ್ಬರು ಕಿಸಕ್ಕೆಂದರು. ಗುರವ್ವ ಪೊಟ್ಟಣವನ್ನೇ ನೋಡುತ್ತ ಕುಳಿತಳು.

"ಸುಮ್ನಿರ್ರೇ ಸಾಕು," ಎಂದರು ಇಂದಿರಮ್ಮ, ಅವಳ ಹೆಗಲ ಮೇಲಿನ ಶಾಲು ಸರಿಪಡಿಸುತ್ತ. "ಗುರವ್ವ, ಅದನ್ನೆಲ್ಲ ಮನಸಿಗೆ ಹಚ್ಕೋಬೇಡಮ್ಮ. ಪಾಪ, ಜಾಹ್ನವಿದೇನೂ ತಪ್ಪಿಲ್ಲ. ಎಐ ಬರೆದಿದ್ದು ಕಣೇ ಅದು. ಯಂತ್ರಕ್ಕೆ ಯಾರ ಮನಸು ಏನಂತ ಗೊತ್ತಾಗುತ್ತೆ? ಹೂಂ ಜಾಹ್ನವಿ, ಓದು."

ಜಾಹ್ನವಿ ಎದ್ದು ನಿಂತಳು. ಫೋನಿನಲ್ಲಿ ಚೆಂದದ ಮಾತುಗಳು ಸಾಲಾಗಿ ನಿಂತಿದ್ದವು: ಅಕ್ಕನ ಮಮತೆ, ಎಂದೂ ಮಾಯದ ನೆನಪು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಬಯಸಿದ್ದ ನೋಟವೇ ಅದು. ಗುರವ್ವ ಮಾತ್ರ ನೋಡಲಿಲ್ಲ.

ಅವಳು ಫೋನ್ ಆರಿಸಿದಳು. ಮೊದಲು ತೀರ ಮೆಲ್ಲಗೆ ಏನೋ ಹೇಳಿದಳು. "ಏನಮ್ಮ, ಕೇಳಿಸ್ತಿಲ್ಲ" ಎಂದರು ಹಿಂದಿನಿಂದ ಯಾರೋ.

"ಯಂತ್ರಕ್ಕೆ ಗೊತ್ತಿರಲಿಲ್ಲ, ಇಂದಿರಮ್ಮ," ಎಂದಳು ಜಾಹ್ನವಿ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನನಗೆ ಗೊತ್ತಿತ್ತು."