ಒದ್ದೆ ಬಟ್ಟೆಯ ಅಳತೆ

ಹವಾಮಾನದಕ್ಕ ಎಂದರೆ ಬಂದರಿನ ಕಡೆಯವರಿಗೆಲ್ಲ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಬಂದರಿನ ಹಿಂದಿನ ದಿಬ್ಬದ ಮೇಲೆ ಅವಳ ಒಂದೇ ಕೋಣೆಯ ಕಚೇರಿ, ಅದರ ಮುಂದೆ ಒಂದು ಹುಲ್ಲಿನ ಚೌಕ, ಚೌಕದ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪಾದರಸದ ಎರಡು ಗಾಜಿನ ಕೊಳವೆಗಳು ಅಕ್ಕಪಕ್ಕ ನಿಂತಿದ್ದವು. ಒಂದರ ಬುಡ ಬರಿದು. ಇನ್ನೊಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ, ಅದರ ಬಾಲವನ್ನು ಕೆಳಗಿನ ನೀರಿನ ಬಟ್ಟಲಿಗೆ ಇಳಿಬಿಟ್ಟಿತ್ತು.

ಒಣ ಕೊಳವೆ ಗಾಳಿಯ ಬಿಸಿ ಎಷ್ಟೆಂದು ಹೇಳುತ್ತದೆ. ಒದ್ದೆಯದು ಹೇಳುವುದು ಬೇರೆ. ಬೆವರಿದ ಮೈ ಆ ಗಾಳಿಯಲ್ಲಿ ಎಷ್ಟು ತಣ್ಣಗಾಗಬಲ್ಲದು ಎನ್ನುವುದು ಅದರ ಲೆಕ್ಕ. ಬಟ್ಟೆಯ ನೀರು ಆರುತ್ತಿದ್ದರೆ ಪಾದರಸ ಇಳಿಯುತ್ತದೆ. ಗಾಳಿಯ ಹೊಟ್ಟೆಯಲ್ಲಿ ಆಗಲೇ ನೀರು ತುಂಬಿದ್ದರೆ ಬಟ್ಟೆ ಆರುವುದಿಲ್ಲ, ಪಾದರಸ ಇಳಿಯುವುದೂ ಇಲ್ಲ. ಒದ್ದೆ ಕೊಳವೆ ಮೂವತ್ತೈದು ಡಿಗ್ರಿ ಮುಟ್ಟಿದರೆ, ಗಟ್ಟಿಮುಟ್ಟಾದ ಮನುಷ್ಯ ಬರಿಮೈಯಲ್ಲಿ ನೆರಳಿಗೆ ಕೂತು ಕೊಡಗಟ್ಟಲೆ ನೀರು ಕುಡಿದರೂ ಆರು ಗಂಟೆ ದಾಟುವುದು ಕಷ್ಟ ಎಂದು ತರಬೇತಿಯಲ್ಲಿ ಓದಿದ್ದಳು. ಪರೀಕ್ಷೆಗೆಂದು ಓದಿ, ಪರೀಕ್ಷೆ ಮುಗಿದ ಮೇಲೆ ಮರೆಯಬಹುದಾದ ಸಾಲಾಗಿತ್ತು ಅದು. ಆಗೆಲ್ಲ ಇಪ್ಪತ್ತೆಂಟು ಬಂದರೆ ಊರಿನವರು ಉಸ್ಸಪ್ಪಾ ಎನ್ನುತ್ತಿದ್ದರು. ಹದಿನೇಳು ವರ್ಷದಲ್ಲಿ ಅವಳ ಪುಸ್ತಕಗಳೊಳಗೆ ಆ ಅಂಕಿ ಒಂದೊಂದೇ ಮೆಟ್ಟಿಲು ಹತ್ತಿ ಮೂವತ್ತೊಂದಕ್ಕೆ ಬಂದು ಕೂತಿತ್ತು. ಹತ್ತಿದ್ದು ಎಷ್ಟು ಮೆಲ್ಲಗೆ ಎಂದರೆ, ಬರೆಯುತ್ತಿದ್ದ ಕೈಗೇ ಅದು ಸರಿಯಾಗಿ ತಿಳಿದಿರಲಿಲ್ಲ.

ಕೆಲಸ ಕಲಿಸಿದ ಹಿರಿಯ ವೀಕ್ಷಕರು ಒಂದು ಮಾತನ್ನು ತಲೆಗೆ ಹೊಡೆದ ಹಾಗೆ ಹೇಳಿಕೊಟ್ಟಿದ್ದರು. “ಬಿಸಿಲು ಉರೀತಿರುವಾಗ ಎರಡೂ ಕೊಳವೆ ಹತ್ತಿರ ಹತ್ತಿರ ತೋರಿಸಿದ್ರೆ ಬಟ್ಟೆ ಒಣಗಿದೆ ಅಂತ ತಿಳ್ಕೋ ತಾಯಿ. ಬಟ್ಟೆ ಬದಲಾಯಿಸು, ನೀರು ಹಾಕು, ಕಾಲು ಗಂಟೆ ಕಾಯಿ, ಆಮೇಲೆ ಬರಿ.” ಇದು ನಿಯಮದ ಪುಸ್ತಕದಲ್ಲೂ ಇತ್ತು. ಸಮುದ್ರದ ಉಪ್ಪು ಹಿಡಿದು ಬಟ್ಟೆ ಹಪ್ಪಳದಂತೆ ಸೆಟೆದುಕೊಳ್ಳುವುದು ಅಲ್ಲಿ ಮಾಮೂಲಿ. ಅವಳು ನೂರು ಸಲವಾದರೂ ಬದಲಾಯಿಸಿದ್ದಾಳು. ನೂರು ಸಲವೂ ಪಾದರಸ ಹೇಳಿದ ಮಾತು ಕೇಳಿ ಕೆಳಗಿಳಿದಿತ್ತು.

ಅವಳ ತಮ್ಮ ಬಂದರಿನಲ್ಲಿ ಮೂಟೆ ಹೊರುವವನು. ಅಲ್ಲಿ ಅವನಿಗೆ ಬೊಗಳೆ ಎಂದೇ ಹೆಸರು. ಬಾಯಿ ತೆರೆದರೆ ಒಂದಕ್ಕೆ ಹತ್ತು ಸೇರಿಸುವವನು. ಎರಡು ವರ್ಷದ ಹಿಂದೆ ಹಡಗಿನ ಅಡಿಯ ಉಗ್ರಾಣದಲ್ಲಿ ಇಬ್ಬರು ಸೆಕೆಗೆ ಸತ್ತಾಗ ಹಮಾಲರು ಒಂಬತ್ತು ದಿನ ಕೆಲಸ ನಿಲ್ಲಿಸಿ ಒಂದು ಕರಾರು ಮಾಡಿಸಿಕೊಂಡಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಒದ್ದೆ ಕೊಳವೆ ಮೂವತ್ತೆರಡು ದಾಟಿದರೆ ಸೈರನ್ ಕೂಗಬೇಕು, ಎಲ್ಲರೂ ಮೇಲೆ ಹತ್ತಿ ಮನೆಗೆ ಹೋಗಬೇಕು. ಅಂಕಿ ಯಾರು ಕೊಡಬೇಕು ಎಂದು ಜಗಳವಾದಾಗ ಎದ್ದು ನಿಂತವನು ಬೊಗಳೆಯೇ. “ನಮ್ಮಕ್ಕನ ಪೆಟ್ಟಿಗೆ ಇದೆಯಲ್ಲ, ಅದೇ ಸಾಕು. ಅವಳು ನನಗೋಸ್ಕರನೂ ಸುಳ್ಳು ಹೇಳಲ್ಲ. ಚಿಕ್ಕೋನಿದ್ದಾಗ ನಾನು ಬೆಲ್ಲ ಕದ್ದಿದ್ದನ್ನ ಅಪ್ಪನ ಹತ್ರ ನಿಮಿಷ ಸಮೇತ ಹೇಳಿದೋಳು.” ಎಲ್ಲರೂ ನಕ್ಕು ಒಪ್ಪಿಕೊಂಡಿದ್ದರು.

ಆ ದಿನ ಬೆಳಿಗ್ಗೆಯೂ ಅವನು ಎಂದಿನಂತೆ ನೀರಿನ ಕ್ಯಾನು ತುಂಬಿಸಿಕೊಳ್ಳಲು ದಿಬ್ಬ ಹತ್ತಿ ಬಂದ. ಗಾಳಿ ಎಳ್ಳಷ್ಟೂ ಇರಲಿಲ್ಲ. ಸಮುದ್ರ ಕಾದ ಎಣ್ಣೆಯ ಹಾಗೆ ಮಿಸುಕದೆ ಬಿದ್ದಿತ್ತು. ಕ್ಯಾನು ತುಂಬುವ ತನಕ ಅವನು ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ಇಣುಕಿದ.

“ಅಕ್ಕಾ, ಈ ಬಟ್ಟೆ ಬಾಲ ಒಂಚೂರು ನೀರಿಂದ ಮೇಲೆತ್ತಿಬಿಟ್ರೆ ಬಂದರಿಗೆಲ್ಲ ರಜಾ ಅಲ್ವೇನೇ?”

“ಕೈ ತೆಗಿ ಮೊದ್ಲು.” ಅವಳು ಅವನ ಮುಂಗೈಗೆ ಒಂದು ಬಿಟ್ಟಳು.

“ತೆಗೆದೆ ಮಾರಾಯ್ತಿ. ಅದಿರ್ಲಿ, ನಿನ್ನ ಪುಸ್ತಕದ ಪ್ರಕಾರ ಮನುಷ್ಯರ ಕಥೆ ಯಾವಾಗ ಮುಗಿಯತ್ತೆ? ಮಗಳನ್ನ ಶಾಲೆಗೆ ಹಾಕೋದೋ ಬೇಡ್ವೋ ಅಂತ ಯೋಚ್ನೆ.”

“ನಾನು ಆಗಿದ್ದು ಬರೆಯೋಳು ಕಣೋ. ಆಗೋದನ್ನಲ್ಲ.”

“ಅಲ್ಲಿಗೆ ಎಲ್ಲಾ ಮುಗಿದ ಮೇಲೆ ಕೊನೇ ಸಾಲು ಬರೆದು ಸಹಿ ಹಾಕೋದು ನೀನೇ ಅನ್ನು.” ಕ್ಯಾನನ್ನು ಹೆಗಲಿಗೇರಿಸಿ ನಗುತ್ತ ಇಳಿದುಹೋದ.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಅವಳು ಪೆಟ್ಟಿಗೆ ತೆರೆದಳು. ಒಣದು ಮೂವತ್ತಾರು ಪಾಯಿಂಟ್ ಎರಡು. ಒದ್ದೆಯದು ಮೂವತ್ತನಾಲ್ಕು ಪಾಯಿಂಟ್ ಐದು.

ಅವಳಿಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಕತ್ತೆ, ಕೊನೆಗೂ ಬಟ್ಟೆಗೆ ಕೈ ಹಾಕಿದ್ದಾನೆ ಎಂದುಕೊಂಡಳು. ಬಾಲ ಬಟ್ಟಲಿನೊಳಗೇ ಇತ್ತು. ಹಾಗಾದರೆ ಉಪ್ಪು ಹಿಡಿದಿರಬೇಕು. ಬೆರಳಿನಿಂದ ಬಟ್ಟೆ ಮುಟ್ಟಿದಳು, ಒದ್ದೆ ತಗಲಿತು. ಆದರೆ ಆ ದಿನ ಏನು ಮುಟ್ಟಿದರೂ ಒದ್ದೆಯೇ. ಬಾಗಿಲ ಚಿಲಕ ಒದ್ದೆ, ಪೆನ್ಸಿಲ್ ಒದ್ದೆ, ಪುಸ್ತಕದ ಹಾಳೆ ಮೊಣಕೈಗೆ ಅಂಟಿಕೊಂಡು ಬರುತ್ತಿತ್ತು. ಇದು ತನ್ನ ಬೆರಳಿನ ಬೆವರೇ ಎಂದು ತೀರ್ಮಾನಿಸಿ ಹೊಸ ಬಟ್ಟೆ ತರಲು ಒಳಗೆ ಹೋದಳು.

ಬಟ್ಟಲಿಗೆ ಹಾಕುವ ಶುದ್ಧ ನೀರಿನ ಬಾಟಲಿ ಪೆಟ್ಟಿಗೆಯೊಳಗೇ ಇರಬೇಕು, ನೀರು ಗಾಳಿಯಷ್ಟೇ ಬಿಸಿ ಇರಬೇಕು. ಈ ಸೆಕೆಗೆ ಎರಡೇ ದಿನದಲ್ಲಿ ಪಾಚಿ ಕಟ್ಟುತ್ತದೆಂದು ಆ ವಾರ ಅವಳು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ತಣ್ಣೀರು ಹಾಕಿದರೆ ಪಾದರಸ ಮೊದಲು ಕೆಳಗೆ ಬಿದ್ದು, ಆಮೇಲೆ ನಿಧಾನಕ್ಕೆ ತನ್ನ ಜಾಗಕ್ಕೆ ಹತ್ತುತ್ತದೆ. ಅದು ಗೊತ್ತಿಲ್ಲದವಳಲ್ಲ. ಕಾಲು ಗಂಟೆಗಿಂತ ಜಾಸ್ತಿಯೇ ಕಾಯಬೇಕಿತ್ತು. ಆದರೆ ಹೊಸ ಬಟ್ಟೆ ಸುತ್ತಿ, ನೀರು ಹಾಕಿ ಮುಗಿಸುವಾಗ ಹನ್ನೆರಡಕ್ಕೆ ಎಂಟೇ ನಿಮಿಷ ಉಳಿದಿತ್ತು. ಹದಿನೇಳು ವರ್ಷದಲ್ಲಿ ಅವಳ ಅಂಕಿ ಒಂದು ದಿನವೂ ತಡವಾದದ್ದಿಲ್ಲ.

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಮತ್ತೆ ನೋಡಿದಳು. ಮೂವತ್ತೊಂದು ಪಾಯಿಂಟ್ ಆರು. ಪಾದರಸ ನಿಂತಿದೆಯೋ ಇನ್ನೂ ಏರುತ್ತಿದೆಯೋ ನೋಡಲು ಅರೆಗಳಿಗೆ ನಿಲ್ಲಬೇಕಿತ್ತು. ಹುಬ್ಬಿನ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ನಿನ್ನೆಯದು ಮೂವತ್ತೊಂದು ಪಾಯಿಂಟ್ ಎರಡು, ಇಂದು ಮೂವತ್ತೊಂದು ಪಾಯಿಂಟ್ ಆರು. ನಂಬುವ ಹಾಗಿತ್ತು. ಬರೆದು ಫೋನ್ ಎತ್ತಿದಳು.

“ಎಷ್ಟಕ್ಕಾ?” ಎಂದ ಬಂದರಿನ ಗುಮಾಸ್ತ.

“ಮೂವತ್ತೊಂದು ಪಾಯಿಂಟ್ ಆರು.”

“ಛೇ, ಸ್ವಲ್ಪದ್ರಲ್ಲಿ ತಪ್ತು. ತಗೊಳ್ಳಿ, ನಿಮ್ಮ ತಮ್ಮ ಕಿಟಕಿ ಒಳಗೆ ತಲೆ ತೂರಿಸ್ಕೊಂಡು ನಿಂತಿದಾನೆ.”

“ಏನೇ ಅಕ್ಕ, ನಾಲ್ಕೇ ಪಾಯಿಂಟಿಗೆ ಇಷ್ಟು ಜಿಪುಣತನನಾ?” ಅವನ ದನಿ ಆಗಲೇ ಸ್ವಲ್ಪ ಒಣಗಿತ್ತು.

“ಬಟ್ಟೆಗೆ ಕೈ ಹಾಕಿದ್ಯಾ ನೀನು?”

“ಇಲ್ಲ ಕಣೇ.”

“ಬೊಗಳೆ ಬಿಡ್ಬೇಡ. ಎರಡೂ ಹತ್ತಿರ ಹತ್ತಿರ ತೋರಿಸ್ತಿತ್ತು. ಬಟ್ಟೆ ಬದಲಾಯಿಸ್ಬೇಕಾಯ್ತು.”

“ನಿನ್ನಾಣೆ, ನನ್ ಮಗಳಾಣೆ, ಮುಟ್ಟಿಲ್ಲ. ಒಂದು ದಿನ ನಿಜ ಹೇಳಿದ್ರೂ ನಂಬಲ್ವಲ್ಲೇ.”

“ಸರಿ ಸರಿ. ನೀರು ಕುಡೀತಾ ಇರು.”

“ಆಗ್ಲಿ ನಮ್ಮವ್ವ,” ಎಂದು ಅವನು ಫೋನ್ ಇಟ್ಟು ಉಗ್ರಾಣದ ಏಣಿ ಇಳಿದ.

ಮೂರು ಗಂಟೆಯ ಅಳತೆಗೆ ಅವಳು ಹೊರಗೆ ಬಂದಾಗ ಹುಲ್ಲಿನ ಚೌಕದಲ್ಲಿ ಎರಡು ಕಾಗೆಗಳು ರೆಕ್ಕೆ ಬಿಡಿಸಿಕೊಂಡು ಬಿದ್ದಿದ್ದವು. ಒದ್ದೆ ಕೊಳವೆ ಮೂವತ್ತನಾಲ್ಕು ಪಾಯಿಂಟ್ ಏಳು ತೋರಿಸುತ್ತಿತ್ತು. ಬಟ್ಟೆ ಹೊಸದು, ಬಟ್ಟಲು ತುಂಬಿತ್ತು. ಅವಳು ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಬಟ್ಟೆಯನ್ನು ಮುಟ್ಟಿದಳು. ಅದು ಜ್ವರ ಬಂದ ನಾಲಿಗೆಯ ಹಾಗೆ ಬೆಚ್ಚಗೆ, ಒದ್ದೆಯಾಗಿತ್ತು. ಬೆಳಗಿನ ಬಟ್ಟೆಯೂ ಹೀಗೇ ಇತ್ತೆಂದು ಬೆರಳಿಗೆ ಈಗ ನೆನಪಾಯಿತು.

ಫೋನಿನ ಹತ್ತಿರ ಓಡಿದಳು. ಅವಳು ಬಾಯಿ ತೆರೆಯುವ ಮುಂಚೆಯೇ ಗುಮಾಸ್ತ, “ಅಕ್ಕಾ, ನಾನೇ ಮಾಡೋಣ ಅಂತಿದ್ದೆ,” ಎಂದ. “ಒಂಬತ್ತು ಜನರನ್ನ ಮೇಲೆ ಎತ್ತಿದಾರೆ. ನಿಮ್ಮ ತಮ್ಮನ್ನೂ. ಬೇಗ ಆಸ್ಪತ್ರೆಗೆ ಹೋಗಿ.”

ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಅವರನ್ನು ನೆಲದ ಮೇಲೇ ಮಲಗಿಸಿ ಮಂಜುಗಡ್ಡೆ ಸುರಿದಿದ್ದರು. ಮಂಜು ಕರಗಿದ ನೀರಿನಲ್ಲಿ ಎಲ್ಲರ ಚಪ್ಪಲಿಗಳೂ ತೇಲುತ್ತಿದ್ದವು. ತಮ್ಮನ ಮೈ ಕೆಂಪಗೆ, ಒಣಗಿ, ಕಾದಿತ್ತು. ಬೆವರುವುದನ್ನೇ ಬಿಟ್ಟುಬಿಟ್ಟಿದ್ದ. ಅವಳು ಅವನ ಕೆನ್ನೆ ತಟ್ಟಿ ಕರೆದಳು. ಐದು ಗಂಟೆಯ ಹೊತ್ತಿಗೆ ಒಂಬತ್ತು ಜನರಲ್ಲಿ ನಾಲ್ವರು ಹೋದರು. ಅವನು ಮೂರನೆಯವನು.

ನಾಲ್ಕನೆಯ ದಿನ ಬಂದರಿನ ಆಡಳಿತದವರು ಗೋಡೆಗೆ ಒಂದು ಕಾಗದ ಅಂಟಿಸಿದರು. ಆ ದಿನ ಹನ್ನೆರಡರ ಅಳತೆ ಕರಾರಿನ ಮಿತಿಯೊಳಗೇ ಇತ್ತು, ಸಾವುಗಳು ಹೃದಯದ ತೊಂದರೆಯಿಂದ ಆದವು ಎಂದು ಬರೆದಿತ್ತು. ಕೆಳಗೆ ಅವಳ ಅಂಕಿ. ಸುತ್ತ ನಿಂತು ಓದುತ್ತಿದ್ದ ಹಮಾಲರು ಅವಳಿಗೆ ದಾರಿ ಬಿಟ್ಟರು. ಯಾರೂ ಬಯ್ಯಲಿಲ್ಲ. ಒಬ್ಬ ಮುದುಕ, “ನೀವಾದ್ರೂ ಏನು ಮಾಡ್ತೀರಿ ತಾಯಿ, ಇದ್ದಿದ್ದು ಬರ್ದಿದೀರಿ,” ಎಂದ. ಅವನ ಪಾಲಿಗೆ ಅದು ಸಮಾಧಾನದ ಮಾತು. ಅವಳು ನೇರವಾಗಿ ದಿಬ್ಬ ಹತ್ತಿ ಹೋಗಿ ಅಳತೆಯ ಪುಸ್ತಕ ತೆರೆದಳು.

ತಪ್ಪಾದ ಅಂಕಿಯನ್ನು ಅಳಿಸುವ ಹಾಗಿಲ್ಲ, ಕೆರೆಯುವ ಹಾಗಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಕಾರಣ ಕೊಟ್ಟು ಸಹಿ ಮಾಡಬೇಕು. ಅವಳು ಮೂವತ್ತೊಂದು ಪಾಯಿಂಟ್ ಆರರ ಮೇಲೆ ಗೆರೆ ಎಳೆದಳು. ಮೇಲೆ ಮೂವತ್ತನಾಲ್ಕು ಪಾಯಿಂಟ್ ಐದು ಎಂದು ಬರೆದಳು. ಕಾರಣದ ಜಾಗದಲ್ಲಿ, ‘ಬಟ್ಟೆ ಒಣಗಿರಲಿಲ್ಲ’ ಎಂದಷ್ಟೇ ಬರೆದು ಕೇಂದ್ರ ಕಚೇರಿಗೆ ಕಳಿಸಿದಳು.

ಅರ್ಧ ಗಂಟೆಯಲ್ಲಿ ಸಾಹೇಬರ ಫೋನು ಬಂತು. ಒಳ್ಳೆಯ ಮನುಷ್ಯ, ದನಿಯಲ್ಲಿ ಮರುಕವಿತ್ತು. “ನೋಡಮ್ಮ, ನಿನ್ನ ಮೂರು ಗಂಟೆ ಅಂಕಿಯನ್ನೇ ಇಲ್ಲಿ ಕಂಪ್ಯೂಟರ್ ತಗೊಳ್ತಿಲ್ಲ, ಕೆಂಪು ಬಣ್ಣ ತೋರಿಸ್ತಿದೆ. ನೂರು ವರ್ಷದ ದಾಖಲೆ ಇದೆ ನಮ್ಮ ಹತ್ರ. ಆ ಊರಿಗೆ ಅಂಥ ಅಂಕಿ ಬರೋದಿಲ್ಲ. ನೀನು ನಿಯಮದ ಪ್ರಕಾರ ಬಟ್ಟೆ ಬದಲಾಯಿಸಿದೀಯ. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀಯ?”

“ಬರೋದಿಲ್ಲ ಅಂತಲೇ ಸರ್ ನಾನೂ ಬದಲಾಯಿಸಿದ್ದು.”

“ನಿನ್ನ ತಮ್ಮನ ಮನೆಯವರಿಗೆ ಗೊತ್ತಾದ್ರೆ ಏನಂದಾರು ಯೋಚ್ನೆ ಮಾಡಿದೀಯಾ?” ಎಂದರು ಸಾಹೇಬರು.

ನಾಲ್ಕು ದಿನದಿಂದ ಅವಳು ಬೇರೇನನ್ನೂ ಯೋಚಿಸಿರಲಿಲ್ಲ.

ತಮ್ಮನ ಮನೆ ತಗಡಿನ ಮಾಡಿನ ಎರಡು ಕೋಣೆ. ಮಗು ನೆಲದ ಮೇಲೆ ಒದ್ದೆ ಮಾಡಿದ ಚಾಪೆಯಲ್ಲಿ ಮಲಗಿತ್ತು. ತಮ್ಮನ ಹೆಂಡತಿ ಗೋಡೆಗೊರಗಿ ರಟ್ಟಿನ ತುಂಡಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದಳು. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಿದ್ದಳು. ಹವಾಮಾನದಕ್ಕ ಬಾಗಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಎರಡು ಕೊಳವೆ, ಬೆವರಿದ ಬೆರಳು, ಫ್ರಿಜ್ಜಿನ ನೀರು, ಎಂಟು ನಿಮಿಷ. ಅವನು ಫೋನಿನಲ್ಲಿ ಮಗಳ ಮೇಲೆ ಆಣೆ ಇಟ್ಟದ್ದನ್ನೂ ತಾನು ನಂಬದೆ ಹೋದದ್ದನ್ನೂ ಬಿಡಲಿಲ್ಲ.

ರಟ್ಟು ಬೀಸುವುದು ನಿಲ್ಲಲಿಲ್ಲ.

“ಅಂದ್ರೆ,” ಎಂದಳು ತಮ್ಮನ ಹೆಂಡತಿ, “ನೀವು ಮೊದ್ಲು ಕಂಡಿದ್ದನ್ನೇ ಹೇಳಿದ್ರೆ ಅವ್ರು ಮನೆಗೆ ಬರ್ತಿದ್ರು.”

“ಬರ್ತಿದ್ದ.”

“ಊಟಕ್ಕೆ ಬರ್ತಿದ್ರು.”

“ಹೂಂ.”

“ಅವ್ರು ಎಲ್ರ ಹತ್ರನೂ ಕೊಚ್ಕೊಳ್ತಿದ್ರು. ನಮ್ಮಕ್ಕನ ಅಂಕಿ ಅಂದ್ರೆ ಅಂಕಿ ಅಂತ.” ಅವಳು ಮಗುವಿನ ಕುತ್ತಿಗೆ ಮುಟ್ಟಿ ನೋಡಿದಳು, ಮತ್ತೆ ಬೀಸತೊಡಗಿದಳು. “ಇವತ್ತೆಷ್ಟಿತ್ತು?”

“ಮೂವತ್ಮೂರು. ಸೈರನ್ ಆಯ್ತು.”

“ನಾಳೆ?”

ಆಗಿದ್ದು ಬರೆಯುವವಳು ತಾನು ಎಂದು ಈಗ ಹೇಳಲಾಗಲಿಲ್ಲ. “ಇಷ್ಟೇ ಇರತ್ತೆ. ನಾಡಿದ್ದೂ. ಈ ವರ್ಷ ಹೋದ್ರೂ ಬರೋ ವರ್ಷ ಇನ್ನೂ ಜಾಸ್ತಿ ದಿನ ಹೀಗಿರತ್ತೆ.”

“ಇವಳು ದೊಡ್ಡೋಳಾಗೋ ಹೊತ್ತಿಗೆ?”

ತಗಡು ಮೇಲೆ ಎಲ್ಲೋ ಟಕ್ಕೆಂದಿತು. ಮಗು ನಿದ್ದೆಯಲ್ಲೇ ಪಕ್ಕಕ್ಕೆ ಹೊರಳಿ ಚಾಪೆಯ ಒದ್ದೆ ಜಾಗ ಹುಡುಕಿಕೊಂಡಿತು. ತಮ್ಮನ ಹೆಂಡತಿ ಮೊದಲ ಸಲ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದಳು. ಕಣ್ಣು ಒಣಗಿದ್ದವು.

“ನಿಮ್ಮನ್ನ ಬೈಬೇಕು ಅಕ್ಕಾ. ಕೂದಲು ಹಿಡಿದು ಬೈಬೇಕು ಅನ್ನಿಸ್ತಿದೆ. ಆದ್ರೆ ಈ ಸೆಕೇಲಿ ಅದಕ್ಕೂ ಜೀವ ಇಲ್ಲ ನಂಗೆ. ಸ್ವಲ್ಪ ತಣ್ಣಗಾಗ್ಲಿ. ಆಮೇಲೆ ಬೈತೀನಿ. ಮನಸಾರೆ ಬೈತೀನಿ.”

“ಆಗ್ಲಿ,” ಎಂದು ಅವಳು ಒಳಗೆ ಸರಿದು, ಸೋತ ಕೈಯಿಂದ ರಟ್ಟು ತೆಗೆದುಕೊಂಡು ಮಗುವಿಗೆ ಬೀಸುತ್ತ ಕೂತಳು.